ಕೊನೆಯ ಬೆಂಚಿನವರ ನಂತರ

ದ್ರಾಕ್ಷಾರಸದ ಕಲೆ ಬಿಸಿನೀರಿಗೂ ಬಿಡಲಿಲ್ಲ, ಉಪ್ಪಿಗೂ ಬಿಡಲಿಲ್ಲ. ಈ ಊರಿನ ಪಾದ್ರಿ ಲಿಬುಶಾ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮತ್ತೊಮ್ಮೆ ಸೋಪು ಹಚ್ಚಿ ಉಜ್ಜತೊಡಗಿದಳು. ಕರವಸ್ತ್ರದಷ್ಟೇ ಅಗಲದ ಬಿಳಿ ಬಟ್ಟೆ ಅದು, ಮೂಲೆಯಲ್ಲಿ ಸಣ್ಣ ಶಿಲುಬೆಯ ಕಸೂತಿ. ಪ್ರಭು ಭೋಜನದ ದಿನ ಪಾನಪಾತ್ರೆ ಒಬ್ಬರ ತುಟಿಯಿಂದ ಇನ್ನೊಬ್ಬರ ತುಟಿಗೆ ಹೋಗುವ ಮೊದಲು ಪಾತ್ರೆಯ ಅಂಚನ್ನು ಒರೆಸುವುದಕ್ಕೆಂದೇ ಇದ್ದದ್ದು. ಯಾವಾಗಲೂ ಅದೇ ದಿನ ಸಂಜೆ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಇಡುತ್ತಿದ್ದಳು. ಈ ಸಲ ಯಾಕೋ ಮುದ್ದೆಮಾಡಿ ಕಪಾಟಿನ ಖಾನೆಯೊಳಗೆ ತುರುಕಿದ್ದು, ತಿಂಗಳ ಮೇಲೆ, ನಾಳೆ ಮತ್ತೆ ಭೋಜನವಿದೆ ಎಂದಾಗ ಕೈಗೆ ಬಂತು. ಒಣಗಿ ಗಟ್ಟಿಯಾಗಿತ್ತು. ನೀರಿಗೆ ಹಾಕಿದಾಗ ಅದು ನಿಧಾನವಾಗಿ ಬಿಚ್ಚಿಕೊಂಡಿತು. ಕಿಟಕಿಯಾಚೆ ಹಿಮ ಬೀಳಲೋ ಬೇಡವೋ ಎಂಬಂತೆ ಆಕಾಶ ಕೆಳಗಿಳಿದು ನಿಂತಿತ್ತು. ಒಬ್ಬಂಟಿ ಹೆಂಗಸಿಗೆ ತೀರ ದೊಡ್ಡದಾದ ಈ ಪಾದ್ರಿಮನೆಯಲ್ಲಿ ಅಡುಗೆಮನೆಯೊಂದೇ ಬೆಚ್ಚಗಿತ್ತು.

ಆ ದಿನವನ್ನು ಅವಳು ಇಷ್ಟರಲ್ಲಿ ಎಷ್ಟು ಸಲ ನೆನೆದಿದ್ದಳೆಂದರೆ, ನೆನಪು ಸವೆದು ಅದರಲ್ಲಿ ಕೈಯೊಂದೇ ಉಳಿದಿತ್ತು. ತನ್ನದೇ ಕೈ. ಈ ಇಗರ್ಜಿಯಲ್ಲಿ ಜನ ಬೆಂಚು ಬೆಂಚಾಗಿ ಎದ್ದು ಬಂದು ಬಲಿಪೀಠದ ಸುತ್ತ ಮಂಡಿಯೂರುತ್ತಾರೆ. ಮುಂದಿನ ಬೆಂಚಿನವರು ಮೊದಲು. ಹೊಳೆಯಾಚೆಯ ಕೇರಿಯ ರೋಮಾ ಜನ, ಊರವರು ಜಿಪ್ಸಿಗಳೆನ್ನುವವರು, ಆರ್ಗನ್ ಅಟ್ಟದ ಕೆಳಗಿನ ಕೊನೆಯ ಬೆಂಚಿನಲ್ಲಿ ಕೂರುವುದರಿಂದ ಕೊನೆಗೆ ಬರುತ್ತಾರೆ. ಹಾಗೆಂದು ಯಾರೂ ನಿಯಮ ಮಾಡಿಲ್ಲ. ನಿಯಮ ಮಾಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಅಂದು ಮಾತ್ರ ಕೇರಿಯ ಅರಂಕಾ ಮೊದಲ ಸುತ್ತಿಗೇ ಎದ್ದು ಬಂದು, ಸಭೆಯ ಹಿರಿಯ ಯೊನಾಶನ ಹೆಂಡತಿ ಜೋಫಿಯಾಳ ಪಕ್ಕದಲ್ಲಿ ಮಂಡಿಯೂರಿದ್ದಳು. ಅರಂಕಾ ಕುಡಿದಳು. ಲಿಬುಶಾ ಎಲ್ಲರಿಗೂ ಒರೆಸುವಂತೆ ಒಮ್ಮೆ ಒರೆಸಿ ಪಾತ್ರೆಯನ್ನು ಜೋಫಿಯಾಳತ್ತ ಒಯ್ದಳು. ಜೋಫಿಯಾಳ ತುಟಿ ಬಿಗಿಯಾದದ್ದು ಕಂಡಿತು. ಕೈ ನಿಂತಿತು. ಮತ್ತೆ ಒರೆಸಿತು. ಪಾತ್ರೆಯನ್ನು ಅರ್ಧಸುತ್ತು ತಿರುಗಿಸಿ ಆ ಕಡೆಯನ್ನೂ ಒತ್ತಿ ಒರೆಸಿತು. ಆಗ ಜೋಫಿಯಾ ಕಣ್ಣು ಮುಚ್ಚಿ ನೆಮ್ಮದಿಯಿಂದ ಕುಡಿದಳು. 'ನಿಮಗೋಸ್ಕರ ಸುರಿಸಲ್ಪಟ್ಟ ರಕ್ತ' ಎಂಬ ಮಾತು ಲಿಬುಶಾಳ ಬಾಯಿಂದ ತಪ್ಪಿಲ್ಲದೆ ಬರುತ್ತಲೇ ಇತ್ತು. ಅರಂಕಾ ತಲೆತಗ್ಗಿಸಿರಲಿಲ್ಲ. ಅವಳು ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ಬೆಂಚಿಗೆ ಹಿಂದಿರುಗದೆ, ಬಾಗಿಲಿನಿಂದ ಹೊರಟುಹೋದಳು. ಅದಾದ ಮೇಲಿನ ಭಾನುವಾರಗಳಲ್ಲಿ ಬಂದಿರಲಿಲ್ಲ. ವಸಂತದಲ್ಲಿ ದೃಢೀಕರಣ ಪಡೆದು ಸಭೆಯ ಪೂರ್ಣ ಸದಸ್ಯಳಾಗಬೇಕಿದ್ದ ಅವಳ ಮೊಮ್ಮಗಳೂ ಪಾಠಕ್ಕೆ ಬರುವುದನ್ನು ನಿಲ್ಲಿಸಿದ್ದಳು.

ಜೋಫಿಯಾಳ ಸಲುವಾಗಿ ಮಾಡಿದೆ ಎಂದು ಲಿಬುಶಾ ತನಗೆ ತಾನೇ ಹೇಳಿಕೊಂಡಿದ್ದಳು. ನಂಬಿಕೆಯಲ್ಲಿ ಬಲಹೀನರಾದವರ ಮನಸ್ಸು ನೋಯಿಸಬಾರದಲ್ಲ, ಎಂಜಲಿಗೆ ಹೇಸುವವಳು ಪಾತ್ರೆಯನ್ನೇ ಬೇಡವೆಂದು ತಳ್ಳಿಬಿಟ್ಟಿದ್ದರೆ ಅರಂಕಾಳಿಗೆ ಅದಕ್ಕಿಂತ ದೊಡ್ಡ ಅವಮಾನವಾಗುತ್ತಿತ್ತಲ್ಲ. ಈ ವಾದ ಹಗಲು ಹೊತ್ತು ಗಟ್ಟಿಯಾಗಿ ನಿಲ್ಲುತ್ತಿತ್ತು.

ಬಾಗಿಲು ಬಡಿಯದೆ ಒಳಗೆ ಬರುವ ಹಕ್ಕು ಜೋಫಿಯಾಳಿಗಿತ್ತು. ಅಡುಗೆಮನೆಗೆ ಬಂದವಳು ಬಟ್ಟೆ ಮುಚ್ಚಿದ ತಟ್ಟೆಯನ್ನು ಮೇಜಿನ ಮೇಲಿಟ್ಟು, ಗಸಗಸೆ ಸುರುಳಿ ಇನ್ನೂ ಬಿಸಿಯಿದೆ, ಆರುವ ಮೊದಲು ತಿನ್ನಬೇಕು ಎಂದಳು. ನಂತರ ಕುರ್ಚಿಯಲ್ಲಿ ಕೂತು, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮಾಲೆಗೆ ಮೇಣದಬತ್ತಿ ಸಿಕ್ಕಿಸಿ ಆಯಿತೆಂದೂ, ಯೊನಾಶನಿಗೆ ಸೊಂಟ ಹಿಡಿದಿದ್ದರೂ ಏಣಿ ಹತ್ತುತ್ತಾನೆಂದೂ, ಕಟ್ಟಿಗೆಯ ಬೆಲೆ ಕೇಳಿದರೆ ಚಳಿಯೇ ಹಿತವೆನಿಸುತ್ತದೆಂದೂ ಹೇಳಿದಳು. ಹೇಳುತ್ತಲೇ ಲಿಬುಶಾಳ ಕೈಯಲ್ಲಿದ್ದ ಬಟ್ಟೆ ನೋಡಿದಳು.

"ಅದನ್ನ ಕುದಿಸಬೇಕು ಪಾದ್ರಿಯಮ್ಮಾ, ಉಜ್ಜಿದ್ರೆ ಆಗಲ್ಲ."

ಕುದಿಸುತ್ತೇನೆ ಎಂದಳು ಲಿಬುಶಾ. ಜೋಫಿಯಾ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು.

"ಅವತ್ತು ನೀವು ಮಾಡಿದ್ದನ್ನ ನಾನು ಮರೆಯಲ್ಲ. ಒಂದು ಮಾತಿಲ್ಲ, ಕಥೆಯಿಲ್ಲ. ಯಾರಿಗೂ ನೋವಾಗದ ಹಾಗೆ. ಹಳೇ ಪಾದ್ರಿ ಆಗಿದ್ರೆ ಗದರಿಬಿಟ್ಟಿರೋರು. ಅದಕ್ಕೇ ಎಲ್ಲರ ಹತ್ರನೂ ಹೇಳ್ತೀನಿ, ನಮ್ಮ ಪಾದ್ರಿಯಮ್ಮನಷ್ಟು ಮೆತ್ತನೆ ಮನಸ್ಸು ಇನ್ನೊಬ್ಬರಿಗಿಲ್ಲ ಅಂತ."

ಲಿಬುಶಾ ನೀರನ್ನು ಚೆಲ್ಲಿ, ಹೊಸ ನೀರು ಹಿಡಿದಳು. ಬೈಗುಳಕ್ಕೆ ಉತ್ತರ ಹೇಳಬಹುದು, ಇಂಥ ಹೊಗಳಿಕೆಗೆ ಏನು ಹೇಳುವುದು. ಬಾಯಿ ತೆರೆದರೆ ಕಿರುಚಿಬಿಡುವೆನೇನೋ ಎನಿಸಿ, ಬಾಯಿ ಮುಚ್ಚಿಕೊಂಡೇ ಮುಗುಳ್ನಕ್ಕಳು. ಆ ಮುಗುಳ್ನಗೆ ಈಗ ಮುಖಕ್ಕೆ ತಾನಾಗಿಯೇ ಬರುತ್ತಿತ್ತು, ಇಪ್ಪತ್ತು ವರ್ಷದ ಅಭ್ಯಾಸ. ಜೋಫಿಯಾ ಅದನ್ನು ಒಪ್ಪಿಗೆಯೆಂದು ತಿಳಿದು ಮುಂದುವರಿದಳು. ಯೊನಾಶನೂ ಇನ್ನಿಬ್ಬರು ಹಿರಿಯರೂ ಮಾತಾಡಿಕೊಂಡಿದ್ದಾರೆ, ನಾಳೆ ಪ್ರಕಟಣೆಯ ಹೊತ್ತಿನಲ್ಲಿ ಒಂದು ಮಾತು ಹೇಳಿಬಿಟ್ಟರೆ ಸಾಕು, ಭೋಜನಕ್ಕೆ ಹಿಂದಿನಿಂದ ನಡೆದುಬಂದ ಕ್ರಮದಲ್ಲೇ ಬರಬೇಕು ಅಂತ. ಕೇರಿ ಅನ್ನುವುದು ಬೇಡ, ಯಾರ ಹೆಸರೂ ಬೇಡ. "ಕ್ರಮ ಅಂದ್ರೆ ಅವರಿಗೇ ಅರ್ಥ ಆಗುತ್ತೆ. ನಿಮ್ಮ ಬಾಯಲ್ಲಿ ಬಂದ್ರೆ ಅದೂ ಆಶೀರ್ವಾದದ ಹಾಗೇ ಇರುತ್ತೆ."

ನೋಡುತ್ತೇನೆ ಎಂದಳು ಲಿಬುಶಾ. ಜೋಫಿಯಾ ಹೋದ ಮೇಲೆ ಗಸಗಸೆ ಸುರುಳಿಯ ಒಂದು ಚೂರು ಬಾಯಿಗೆ ಹಾಕಿಕೊಂಡಳು. ತುಂಬ ಚೆನ್ನಾಗಿತ್ತು. ಅದು ಚೆನ್ನಾಗಿದ್ದುದೇ ಅವಳಿಗೆ ಸಿಟ್ಟು ತರಿಸಿತು.

ಮಧ್ಯಾಹ್ನಕ್ಕೆ ಮೊದಲು ಅವಳು ಮೇಲಂಗಿ ತೊಟ್ಟು ಹೊಳೆಯತ್ತ ಹೊರಟಳು. ಕ್ಷಮೆ ಕೇಳಬೇಕೆಂಬುದು ಈ ಬೆಳಿಗ್ಗೆಯ ಯೋಚನೆಯೇನಲ್ಲ. ನಾಳಿನ ಪ್ರಸಂಗದ ನಡುವೆ, ಉಪದೇಶಪೀಠದಿಂದಲೇ, ತನ್ನ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳುವುದೆಂದು ವಾರದಿಂದ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಮಂಡಿಯೂರಿದ ಒಬ್ಬ ಸಹೋದರಿಯನ್ನು ನನ್ನ ಈ ಕೈ ಅವಮಾನಿಸಿತು, ಎಂದು ಕೈ ಎತ್ತಿ ತೋರಿಸುವುದು. ಆಮೇಲೆ ಸ್ವಲ್ಪ ನಿಲ್ಲಿಸುವುದು. ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಾಗಿತ್ತು. ಆ ಮೌನದಲ್ಲಿ ಮೂಗು ಸೀಟುವ ಸದ್ದು ಕೇಳಿಸುತ್ತಿತ್ತು, ಯಾರೋ ಅಳುತ್ತಿದ್ದರು, ತನ್ನ ಧ್ವನಿಯೂ ಸ್ವಲ್ಪ ಒಡೆದಿತ್ತು. ಸೇತುವೆಯ ಮೇಲೆ ಹೋಗುವಾಗ ಆ ಚಿತ್ರ ಮತ್ತೆ ಬಂದು, ಅದರಲ್ಲಿ ತಾನು ಎಷ್ಟು ಚೆನ್ನಾಗಿ ಕಾಣುತ್ತಿದ್ದೇನೆಂದು ಹೊಳೆದು, ಕಂಬಿ ಹಿಡಿದು ನಿಂತಳು. ಕೆಳಗೆ ಹೊಳೆಯಂಚಿನಲ್ಲಿ ತೆಳುವಾದ ಮಂಜುಗಡ್ಡೆ ಕಟ್ಟಿತ್ತು. ಮೂರು ವರ್ಷದ ಹಿಂದೆ ಇದೇ ಸೇತುವೆ ದಾಟಿ ಮೊದಲ ಸಲ ಕೇರಿಗೆ ಹೋದಾಗ ಜೊತೆಗೆ ಸಭೆಯ ಪತ್ರಿಕೆಯ ಫೋಟೋದವನಿದ್ದ. ಅರಂಕಾಳ ಮೊಮ್ಮಗಳು ಲಿಬುಶಾಳ ತೊಡೆಯ ಮೇಲೆ ಕೂತ ಚಿತ್ರ ಪ್ರಕಟವಾಗಿತ್ತು. ಬಿಷಪ್ಪರು ಕೈಕುಲುಕಿ, ನೀವು ಬಾಗಿಲು ತೆರೆದಿರಿ ಎಂದಿದ್ದರು. ಆ ವಾಕ್ಯವನ್ನು ಅವಳು ಬಹಳ ದಿನ ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡಿದ್ದಳು.

ಅರಂಕಾ ಅಂಗಳದಲ್ಲಿದ್ದಳು. ಒಲೆಯ ಹೊಗೆಕೊಳವೆಯನ್ನು ಕಳಚಿ ನೆಲದ ಮೇಲೆ ಮಲಗಿಸಿ, ಕೋಲಿಗೆ ಚಿಂದಿ ಸುತ್ತಿ ಒಳಗಿನ ಮಸಿ ತೆಗೆಯುತ್ತಿದ್ದಳು. ಮೊಣಕೈವರೆಗೂ ಕಪ್ಪು. ಗಾರೆ ಕಾಣದ ಇಟ್ಟಿಗೆ ಗೋಡೆಗೆ ಒರಗಿಸಿದ ಸೈಕಲ್ಲು, ಹಗ್ಗದ ಮೇಲೆ ಪಂಚಾಯ್ತಿಯ ಬೀದಿ ಗುಡಿಸುವವರ ಕಿತ್ತಳೆ ಬಣ್ಣದ ಅಂಗಿ. ಲಿಬುಶಾಳನ್ನು ಕಂಡರೂ ಅವಳು ಏಳಲಿಲ್ಲ. ಪಕ್ಕದ ಮನೆಯ ಕಿಟಕಿಗಳಲ್ಲಿ ಆಗಲೇ ಮುಖಗಳಿದ್ದವು.

"ಅಲ್ಲೇ ನಿಲ್ಲಿ, ಮಸಿ ತಾಗುತ್ತೆ."

ಅರಂಕಾ, ನಿಮ್ಮ ಹತ್ತಿರ ಒಂದು ಮಾತು ಆಡಬೇಕಿತ್ತು, ಎಂದಳು ಲಿಬುಶಾ. ಕೇರಿಯವರನ್ನು 'ನೀವು' ಎನ್ನುವವಳು ಊರಿನಲ್ಲಿ ತಾನೊಬ್ಬಳೇ ಎಂಬುದು ಅವಳಿಗೆ ಯಾವಾಗಲೂ ನೆನಪಿರುತ್ತಿತ್ತು. ಆಡಿ, ಎಂದಳು ಅರಂಕಾ. ಒಳಗೆ ಹೋಗೋಣವೇ ಎಂದರೆ, ಒಲೆ ಬಿಚ್ಚಿದೆ, ಒಳಗೆ ಇದಕ್ಕಿಂತ ಚಳಿ, ಎಂದಳು. ಆದ್ದರಿಂದ ಲಿಬುಶಾ ಕಿಟಕಿಗಳೆದುರು ಅಂಗಳದಲ್ಲಿ ನಿಂತುಕೊಂಡೇ, ಅಂದು ನಡೆದದ್ದಕ್ಕೆ ಕ್ಷಮೆ ಕೇಳಲು ಬಂದಿದ್ದೇನೆ ಎಂದಳು.

"ಏನು ನಡೀತು ಅವತ್ತು?"

ಗೊತ್ತಿದ್ದೂ ಕೇಳುತ್ತಿದ್ದಾಳೆ. ಕೇಳಲಿ, ಕೇಳುವುದು ನ್ಯಾಯ. ಲಿಬುಶಾ ಪಾತ್ರೆ, ಬಟ್ಟೆ, ಒರೆಸಿದ್ದು, ತಿರುಗಿಸಿದ್ದು ಎಂದು ಒಂದೊಂದನ್ನೂ ಹೇಳುತ್ತ ಹೋದಂತೆ ಅವು ಬಾಯಲ್ಲಿ ಬೆಳೆದು ದೊಡ್ಡವಾಗತೊಡಗಿದವು. ಧೈರ್ಯಮಾಡಿ ಮುಂದೆ ಬಂದಿರಿ ನೀವು, ನಮ್ಮೆಲ್ಲರಿಗಿಂತ ಮೊದಲು ಅಲ್ಲಿ ಮಂಡಿಯೂರುವ ಹಕ್ಕು ನಿಮ್ಮದು, ನಾನು ಆ ಧೈರ್ಯವನ್ನು... ಎನ್ನುತ್ತಿದ್ದಾಗ ಅರಂಕಾ ಕೋಲನ್ನು ಕೊಳವೆಯಿಂದ ಎಳೆದು ನಕ್ಕಳು.

"ಧೈರ್ಯ ಎಲ್ಲಿಂದ ಬಂತಮ್ಮಾ. ಕಾಲು ನೋಯ್ತಿತ್ತು. ಮುಂದೆ ಬೆಂಚು ಖಾಲಿ ಇತ್ತು, ಕೂತೆ. ಬೆಂಚಿನವರು ಎದ್ರು, ನಾನೂ ಎದ್ದೆ."

 ತಿಂಗಳಿಡೀ ಲಿಬುಶಾ ಮನಸ್ಸಿನಲ್ಲಿ ಎತ್ತಿ ಕಟ್ಟಿದ್ದ ಹೆಂಗಸು ಕಾಲುನೋವಿನ ಹೆಂಗಸಾಗಿ ಎದುರಿಗೆ ಕೂತಿದ್ದಳು. ನಾಳೆ ಎಲ್ಲರೆದುರು ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಹೇಗೋ ಹೇಳಿ ಮುಗಿಸಿದಳು. ಅರಂಕಾಳ ನಗು ನಿಂತಿತು.

"ಎಲ್ಲರೆದುರು ಅಂದ್ರೆ? ನೀವು ಹೇಳ್ತೀರಿ. ಎಲ್ಲರೂ ಹಿಂದೆ ತಿರುಗಿ ನನ್ನ ನೋಡ್ತಾರೆ. ನಿಮ್ಮನ್ನಲ್ಲ, ನನ್ನನ್ನ. ಅವತ್ತು ನೋಡದೇ ಇದ್ದವರೂ ನಾಳೆ ನೋಡ್ತಾರೆ." ಅವಳು ಕೋಲನ್ನು ಕೆಳಗಿಟ್ಟಳು. "ಜೋಫಿಯಾ ಬೆಂಚು ಸರಿಯಾಗಿ ಒರೆಸದಿದ್ರೆ ಬೈತೀರಿ. ನಾನೇ ಕೇಳಿದ್ದೀನಿ. ಯೊನಾಶನಿಗೆ ಗಂಟೆ ಹೊಡೆಯೋದು ತಡವಾದ್ರೆ ರೇಗ್ತೀರಿ. ನನ್ನ ಮೊಮ್ಮಗಳು ಪ್ರಾರ್ಥನೆ ಬಾಯಿಪಾಠ ಮಾಡದೇ ಬಂದ್ರೆ, ಪರವಾಗಿಲ್ಲ ಕಂದಾ, ಪರವಾಗಿಲ್ಲ. ರೋಗ ಬಂದ ಕೋಳಿಮರಿ ಹತ್ರ ಮಾತಾಡೋ ಹಾಗೆ. ನನಗೆ ಒಂದು ಸಲನಾದ್ರೂ ಬೈದಿದ್ದೀರಾ?"

ಲಿಬುಶಾ ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಳು. ಅರಂಕಾ ಎದ್ದು ಕೊಳವೆಯ ಒಂದು ತುದಿ ಎತ್ತಿ, ಇನ್ನೊಂದು ತುದಿ ಹಿಡಿಯಿರಿ, ಹೇಗೂ ಬಂದಿದ್ದೀರಿ, ಎಂದಳು. ಇಬ್ಬರೂ ಅದನ್ನು ಹೊತ್ತು ಬಾಗಿಲೊಳಗೆ ನುಗ್ಗಿದರು. ನೆಟ್ಟಗೆ ಹಿಡಿಯಿರಿ, ಗೋಡೆಗೆ ಹೊಡೆಯುತ್ತೀರಿ, ಅಯ್ಯೋ ನೆಟ್ಟಗೆ ಅಂದೆನಲ್ಲ, ಎಂದು ಅರಂಕಾ ಗದರಿಸುತ್ತಿದ್ದಳು. ಲಿಬುಶಾಳ ಮೇಲಂಗಿಯ ಎದೆಯ ಮೇಲೆ ಅಗಲವಾದ ಕಪ್ಪು ಪಟ್ಟೆ ಬಿತ್ತು. ಕೊಳವೆ ಗೋಡೆಯ ತೂತಿನಲ್ಲಿ ಕೂತ ಮೇಲೆ ಅರಂಕಾ ಉಸಿರು ಬಿಟ್ಟು, ಕಾಲು ನೀಡಿ ಮಂಚದ ಅಂಚಿನಲ್ಲಿ ಕೂತಳು.

"ನಾಳೆ ಬರ್ತೀನಿ. ಮೊಮ್ಮಗಳನ್ನೂ ಕರ್ಕೊಂಡು ಬರ್ತೀನಿ. ಎಲ್ಲಿ ಜಾಗ ಇದೆಯೋ ಅಲ್ಲಿ ಕೂರ್ತೀನಿ. ನೀವು ಏನೂ ಹೇಳಬೇಡಿ. ಜೋಫಿಯಾಗೆ ಹೇಗೆ ಕೊಡ್ತೀರೋ ಹಾಗೆ ಕೊಡಿ. ಹೆಚ್ಚೂ ಬೇಡ, ಕಡಿಮೆನೂ ಬೇಡ. ಆಮೇಲೆ ನೋಡೋಣ, ಇನ್ನು ಮುಂದೆ ಬರೋದಾ ಬಿಡೋದಾ ಅಂತ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಹೇಳಬಹುದೇನೋ ಎಂದು ಲಿಬುಶಾ ಬಾಗಿಲ ಬಳಿ ಒಂದು ಕ್ಷಣ ತಡೆದು ನಿಂತದ್ದು ಇಬ್ಬರಿಗೂ ತಿಳಿಯಿತು.

ಹಿಂದಿರುಗುವ ದಾರಿಯಲ್ಲಿ ಮಸಿಯ ಪಟ್ಟೆಯನ್ನು ಕೈಚೀಲದಿಂದ ಮುಚ್ಚಿಕೊಂಡು ನಡೆಯುತ್ತಿದ್ದೇನೆ ಎಂಬುದು ಅವಳಿಗೆ ಅಂಗಡಿಯ ಮುಂದೆ ಗೊತ್ತಾಯಿತು. ಚೀಲ ಕೆಳಗಿಳಿಸಿದಳು. ಇಳಿಸಿದ್ದು ಕೂಡ ಯಾರಿಗೋ ತೋರಿಸುವುದಕ್ಕೆ ಎನಿಸಿ ಮತ್ತೆ ಎತ್ತಿಕೊಂಡಳು. ಏನು ಮಾಡಿದರೂ ತನ್ನನ್ನು ತಾನೇ ನೋಡಿಕೊಳ್ಳುವ ಈ ಕಣ್ಣು ಯಾವಾಗ ಬಂತು. ಹಳೆಯ ಪಾದ್ರಿ ಗುಸ್ತಾವರಿಗೆ ಅಂಥ ಕಣ್ಣೇ ಇರಲಿಲ್ಲ. ಅವರ ಕೈಕೆಳಗೆ ಸಹಾಯಕಿಯಾಗಿ ಎರಡು ವರ್ಷ ಕಳೆದಾಗ ಪ್ರತಿದಿನವೂ ಇವರ ಹಾಗೆ ಆಗಬಾರದು ಎಂದುಕೊಂಡಿದ್ದಳು. ಶವಸಂಸ್ಕಾರಕ್ಕೆ ತಡವಾಗಿ ಬಂದ ಮಕ್ಕಳನ್ನು ಸಮಾಧಿಯ ಪಕ್ಕದಲ್ಲೇ ಬೈಯುತ್ತಿದ್ದರು. ಬಿಷಪ್ಪರೊಂದಿಗೂ, ಕುಡುಕರೊಂದಿಗೂ, ಅವಳೊಂದಿಗೂ ಅದೇ ಒರಟು ಗಂಟಲು. ಮೊದಲ ಪ್ರಸಂಗದ ದಿನ ಅವಳು ಅತ್ತದ್ದನ್ನು ಕಂಡು, ಅಳು ಮುಗಿಸಿ ಬಂದು ಮೇಣದಬತ್ತಿ ಆರಿಸು, ಎಂದಿದ್ದರು. ಜನ ಅವರಿಗೆ ಹೆದರುತ್ತಿದ್ದರು. ತಾವು ಸಾಯುವ ಹೊತ್ತಿಗೆ ಎಲ್ಲರೂ ಅವರನ್ನೇ ಕರೆಸಿ ಎನ್ನುತ್ತಿದ್ದರು. ಯಾಕೆಂದು ಆಗ ಅವಳಿಗೆ ಅರ್ಥವಾಗಿರಲಿಲ್ಲ.

ಇಗರ್ಜಿಯಲ್ಲಿ ಯೊನಾಶ ಏಣಿಯ ಮೇಲೆ ನಿಂತು ನಾಳೆಯ ಹಾಡುಗಳ ಸಂಖ್ಯೆಯ ಅಂಕಿಗಳನ್ನು ಹಲಗೆಗೆ ಸಿಕ್ಕಿಸುತ್ತಿದ್ದ. ಅವಳನ್ನು ನೋಡಿ ನಿಧಾನವಾಗಿ ಇಳಿದು, ಸೊಂಟ ಹಿಡಿದುಕೊಂಡು, ಜೋಫಿಯಾ ಬಂದಿದ್ದಳಂತಲ್ಲ, ಆ ಪ್ರಕಟಣೆಯ ವಿಷಯ ಹೇಳಿದಳೇ, ಎಂದ. ಹೇಳಿದರು, ಎಂದಳು ಲಿಬುಶಾ. ಧ್ವನಿ ಮೆತ್ತಗಾಗಲು ಹೊರಟಿತು. ಯೊನಾಶಣ್ಣ, ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ, ಎಂದು ಶುರುವಾಗುವ ವಾಕ್ಯ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅದನ್ನು ನುಂಗಿದಳು.

"ಆ ಪ್ರಕಟಣೆ ಇಲ್ಲ. ನಾನು ಮಾಡಲ್ಲ, ನೀವೂ ಮಾಡಬೇಡಿ."

ಅವನು ಕೈಯಲ್ಲಿ ಉಳಿದಿದ್ದ ಅಂಕಿಯ ಹಲಗೆಯನ್ನು ಆಚೀಚೆ ತಿರುಗಿಸಿ ನೋಡಿದ. ಜನ ಬರುವುದನ್ನು ನಿಲ್ಲಿಸುತ್ತಾರೆ, ನಮ್ಮ ಮನೆಯಲ್ಲೇ ನಿಲ್ಲಿಸಬಹುದು, ಎಂದ. ಅವನ ಮಾತಿನಲ್ಲಿ ಬೆದರಿಕೆಯಿರಲಿಲ್ಲ. ಹೆಂಡತಿಯ ಬಾಯಿಗೆ ಸಿಕ್ಕಬೇಕಾದ ಗಂಡಸಿನ ದುಗುಡವಿತ್ತು. ಆಮೇಲೆ ತುಸು ನಕ್ಕ.

"ಈಗ ಹೀಗಂತೀರಿ. ಅವತ್ತು ನಿಮ್ಮ ಕೈಗೆ ಯಾರೂ ಹೇಳಿಕೊಡಲಿಲ್ಲವಲ್ಲ ಅಮ್ಮಾ. ಆ ಕೈಗೇ ಗೊತ್ತಿತ್ತು."

ಜೋಫಿಯಾಳಿಗೋಸ್ಕರ, ಎಂದು ಅವನ ಹೆಂಡತಿಯ ಹೆಸರು ಹೇಳಬೇಕೆಂದು ಬಾಯಿ ತೆರೆದವಳು ಹೇಳದೆ, ಬಲಿಪೀಠದ ಹಿಂದಿನ ಪಾದ್ರಿಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಳೆಗೆ ದ್ರಾಕ್ಷಾರಸವನ್ನು ಹೂಜಿಗೆ ತುಂಬಿಸಿಡಬೇಕಿತ್ತು. ಎಷ್ಟು ಜನ ಬರಬಹುದೆಂದು ಅಂದಾಜು ಮಾಡುತ್ತ, ಸ್ವಲ್ಪ ಹೆಚ್ಚೇ ಇರಲಿ ಎಂದು ಬಗ್ಗಿಸಿದಳು. ಹೆಚ್ಚಾದರೆ ಹಿಂದಿನ ಬಾಗಿಲು ತೆರೆದು ಲಿಂಡನ್ ಮರದ ಬುಡಕ್ಕೆ ಸುರಿದರಾಯಿತು. ಪವಿತ್ರವಾದದ್ದು ಮಣ್ಣಿಗೆ ಸೇರಬೇಕು, ಹಾಗೆ ಮಾಡಬಹುದೆಂದು ಆರಾಧನೆಯ ಪುಸ್ತಕದಲ್ಲೂ ಇದೆ. ಪ್ರತಿ ಸಲವೂ ಹಾಗೇ ಮಾಡುತ್ತೇನಲ್ಲ.

ಪ್ರತಿ ಸಲವೂ?

ಕೈಯಲ್ಲಿದ್ದ ಸೀಸೆಯನ್ನು ಅವಳು ಮೇಜಿನ ಮೇಲಿಟ್ಟಳು. ಗುಸ್ತಾವರು ಸುರಿಯುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಇದೇ ಕೋಣೆಯಲ್ಲಿ, ಈ ಮೇಜಿನ ಬಳಿ ನಿಂತು, ಪಾತ್ರೆಯಲ್ಲಿ ಉಳಿದದ್ದನ್ನು ಸೊರ್ರನೆ ಸದ್ದು ಮಾಡಿ ಕುಡಿದು, ನೀರು ಹಾಕಿ ಅಲುಗಾಡಿಸಿ ಅದನ್ನೂ ಕುಡಿಯುತ್ತಿದ್ದರು. ಪಾರ್ಶ್ವವಾಯು ಬಡಿದು ಬಾಯಿಂದ ಜೊಲ್ಲು ಸೋರುತ್ತಿದ್ದ ಗಾಡಿ ಹೊಡೆಯುವವನು ಕುಡಿದ ಮೇಲೂ, ಕ್ಷಯವೆಂದು ಊರೆಲ್ಲ ಪಿಸುಗುಡುತ್ತಿದ್ದ ಹುಡುಗಿಯ ನಂತರವೂ. ಆಗ ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆದರೆ ಆಮೇಲೆ, ಈ ಸಭೆ ತನ್ನ ಕೈಗೆ ಬಂದ ಮೇಲೆ, ಅವಳೂ ಕುಡಿದಿದ್ದಳು. ಹೌದು, ಕುಡಿದಿದ್ದಳು. ಯೊನಾಶ ನಕ್ಕದ್ದುಂಟು, ಪಾದ್ರಿಯಮ್ಮನ ಕೆನ್ನೆ ಕೆಂಪಾಯಿತು ಎಂದು. ಆ ಮಾತು ಎಷ್ಟು ಹಳೆಯದು. ಮರದ ಬುಡಕ್ಕೆ ಸುರಿಯಲು ತೊಡಗಿದ್ದು ಯಾವಾಗ. ತಲೆನೋವೆಂದು ಒಂದು ಸಲ ಸುರಿದ ನೆನಪು. ಅದು ಈಸ್ಟರ್, ಕೇರಿಯವರು ಮೊದಲ ಸಲ ಭೋಜನಕ್ಕೆ ಬಂದ ಈಸ್ಟರ್. ಆರ್ಗನ್ ಅಟ್ಟದ ಕೆಳಗಿನಿಂದ ಒಬ್ಬರ ಹಿಂದೊಬ್ಬರು ಬಂದು ಕೊನೆಯ ಸುತ್ತಿನಲ್ಲಿ ಕುಡಿದಿದ್ದರು, ಅವಳ ಕಣ್ಣಲ್ಲಿ ಸಂತೋಷದ ನೀರಿತ್ತು, ಬಾಗಿಲು ತೆರೆದವಳು. ಆಮೇಲೆ ಈ ಕೋಣೆಗೆ ಬಂದು, ಪಾತ್ರೆಯನ್ನು ನೋಡಿ, ತಲೆನೋವೆಂದು, ಹಿಂದಿನ ಬಾಗಿಲು ತೆರೆದಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಒಮ್ಮೆಯೂ ಕುಡಿದಿರಲಿಲ್ಲ. ಕುಡಿಯಬಾರದೆಂದು ನಿರ್ಧರಿಸಿಯೂ ಇರಲಿಲ್ಲ. ಇಲ್ಲಿ ಜೋಫಿಯಾ ಇರಲಿಲ್ಲ. ಬಿಗಿದ ತುಟಿ ಯಾವುದೂ ಇರಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದವಳು ತಾನೊಬ್ಬಳೇ.

ಅವಳು ಕುರ್ಚಿಯಲ್ಲಿ ಕೂತಳು. ಅಳು ಬರಬೇಕಿತ್ತು, ಬರಲಿಲ್ಲ.  ಇದನ್ನು ಪೀಠದಿಂದ ಹೇಳಿದರೆ ಮೊದಲಿನದಕ್ಕಿಂತ ಚೆನ್ನಾಗಿರುತ್ತದೆ, ಇದರಲ್ಲಿ ಜನ ನಿಜವಾಗಿಯೂ ಅಳುತ್ತಾರೆ, ಎಂಬ ಯೋಚನೆ ಆಗಲೂ ಬಂತು. ಬಂದದ್ದನ್ನು ಅವಳು ನೋಡಿದಳು, ಕರೆಯದೆ ಬಂದ ಬೆಕ್ಕನ್ನು ನೋಡುವ ಹಾಗೆ, ಓಡಿಸಲೂ ಹೋಗಲಿಲ್ಲ. ಹೊರಗೆ ಯೊನಾಶ ಏಣಿಯನ್ನು ಎಳೆದುಕೊಂಡು ಹೋಗುವ ಸದ್ದು ಕೇಳುತ್ತಿತ್ತು.

ನಾಳೆ ಪ್ರಸಂಗದಲ್ಲಿ ತನ್ನ ಬಗೆಗಿನ ಮಾತೇ ಇರುವುದಿಲ್ಲ. ದಿನದ ವೇದಪಾಠದಲ್ಲಿರುವುದನ್ನು ಹೇಳಿ ಇಳಿಯುವುದು. ಅರಂಕಾ ಎಲ್ಲಿ ಮಂಡಿಯೂರಿದರೂ ಕೈ ಒಂದೇ ಸಲ ಒರೆಸಬೇಕು, ಪಕ್ಕದಲ್ಲಿ ಯಾರಿದ್ದರೂ, ಅವರು ಬಾಯಿ ತೆರೆದರೂ ತೆರೆಯದಿದ್ದರೂ. ಮೊಮ್ಮಗಳು ಪಾಠ ಕಲಿಯದೆ ಬಂದರೆ ಯೊನಾಶನ ಮೊಮ್ಮಗನ ಹಾಗೇ ನಿಲ್ಲಿಸಿ ಕೇಳಬೇಕು. ಇಷ್ಟಾದರೂ ಅರಂಕಾ ಮುಂದಿನ ವಾರ ಬರುತ್ತಾಳೆಂಬ ಖಾತ್ರಿಯಿಲ್ಲ. ಅದು ಅವಳಿಗೆ ಬಿಟ್ಟದ್ದು. ಮತ್ತು ಎಲ್ಲ ಮುಗಿದ ಮೇಲೆ, ಕೊನೆಯ ಬೆಂಚಿನವರೂ ಕುಡಿದು ಹೋದ ಮೇಲೆ, ಈ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಉಳಿದದ್ದನ್ನು ಕುಡಿಯುವುದು. ಯೋಚಿಸಿದೊಡನೆ ಗಂಟಲು ಕಟ್ಟಿತು. ಅದು ಈಗಲೂ ಕಟ್ಟುತ್ತದೆ, ನಾಳೆಯೂ ಕಟ್ಟುತ್ತದೆ, ಬಹುಶಃ ತುಂಬ ದಿನ ಕಟ್ಟುತ್ತದೆ. ಕಟ್ಟಿದರೂ ಒಳಗೆ ಇಳಿಸಬೇಕು. ಅರಂಕಾಳಿಗೆ ಇದು ಗೊತ್ತಾಗಬಾರದು. ಯಾರಿಗೂ ಗೊತ್ತಾಗಬಾರದು.

ಯೊನಾಶ ಬಾಗಿಲ ಆಚೆಯಿಂದ, ದೀಪ ಆರಿಸುತ್ತೇನೆ, ಇನ್ನೇನಾದರೂ ಬೇಕಿತ್ತೇ, ಎಂದು ಕೇಳಿದ. ಏನೂ ಬೇಡ, ಎಂದಳು ಲಿಬುಶಾ. ಧ್ವನಿ ತುಸು ಒರಟಾಗಿಯೇ ಬಂತು. ಎದ್ದು, ಹೂಜಿಯ ಮುಚ್ಚಳ ಹಾಕಿ, ಹಿಂದಿನ ಬಾಗಿಲಿನ ಅಗುಳಿಯನ್ನು ಕೊನೆಯವರೆಗೂ ತಳ್ಳಿದಳು.